ಅಮೆರಿಕವನ್ನೇ ಓದಲು ಹೋದವರು

ಅಮೆರಿಕಕ್ಕೆ ಹೋದವರಿಗೆ ನಮ್ಮಲ್ಲಿ ಈಗ ಬರವಿಲ್ಲ. ಹುಬ್ಬಳ್ಳಿ-ಧಾರವಾಡದ ಮಾತು ಬಿಡಿ, ನಮ್ಮ ಶಿಗ್ಗಾಂವಿಯಂಥ ತಾಲೂಕಿನ ಊರಿನಲ್ಲಿಯೂ ಯಾರದೋ ಮಗ, ಯಾರದೋ ಅಳಿಯ ಅಲ್ಲಿದ್ದಾನೆ. ಮಗಳ ಬಾಣಂತನಕ್ಕೆಂದು ಹೋಗಿ ಆರು ತಿಂಗಳು ಇದ್ದು ಬಂದ ತಾಯಂದಿರು ಸಂಕ್ರಾಂತಿಯ ಕುಸುರೆಳ್ಳಿನ ಜೊತೆಗೆ ಅಲ್ಲಿಯ ಚಾಕಲೇಟನ್ನೂ ಹಂಚುತ್ತಾರೆ. ಅವರನ್ನು ಕೂರಿಸಿ ಕೇಳಿದರೆ ರಸ್ತೆಯ ಅಗಲ ಹೇಳುತ್ತಾರೆ, ಹಿಮ ಬಿದ್ದದ್ದು ಹೇಳುತ್ತಾರೆ, ನಲ್ಲಿ ತಿರುಗಿಸಿದರೆ ಹಗಲೂ ರಾತ್ರಿ ಬಿಸಿನೀರು ಬರುವುದನ್ನು ಎರಡು ಸಲ ಹೇಳುತ್ತಾರೆ. ಆ ದೇಶ ಹೇಗೆ ಆಯಿತು, ಅಲ್ಲಿ ಮೊದಲು ಯಾರಿದ್ದರು, ಕರಿಯರು ಅಲ್ಲಿಗೆ ಹೇಗೆ ಬಂದರು ಎಂದು ಕೇಳಿದರೆ ಮಾತು ನಿಂತುಬಿಡುತ್ತದೆ. ಅದು ಅವರ ತಪ್ಪಲ್ಲ. ಅವರ ಮಕ್ಕಳಿಗೇ ಅದು ಗೊತ್ತಿರುವುದಿಲ್ಲ. ಮಕ್ಕಳು ಕಲಿಯಲು ಹೋದದ್ದು ಕಂಪ್ಯೂಟರನ್ನು, ಆ ದೇಶವನ್ನಲ್ಲ.

ನಾನಾದರೂ ಏನು ಹೆಚ್ಚಿನದನ್ನು ಕಲಿಸಿದ್ದೇನೆ? ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತ ಕೂದಲು ಬೆಳ್ಳಗಾಯಿತು. ಬಾಸ್ಟನ್ ಬಂದರಿನಲ್ಲಿ 1773ರಲ್ಲಿ ಚಹದ ಪೆಟ್ಟಿಗೆಗಳನ್ನು ಸಮುದ್ರಕ್ಕೆಸೆದದ್ದು, 1776ರ ಜುಲೈ 4ರ ಘೋಷಣೆ, ವಾಷಿಂಗ್ಟನ್, ಲಿಂಕನ್ ಇಷ್ಟಾದರೆ ಅಮೆರಿಕ ಮುಗಿಯಿತು. ಪರೀಕ್ಷೆಯಲ್ಲಿ ಬಂದರೆ ಎರಡು ಅಂಕ, ಇಲ್ಲದಿದ್ದರೆ ಅದೂ ಇಲ್ಲ.

ಆದರೆ ನಮ್ಮ ನಾಡಿನಿಂದ ಆ ದೇಶಕ್ಕೆ ಹೋದ ದೊಡ್ಡವರ ಪಟ್ಟಿ ಸಣ್ಣದೇನೂ ಅಲ್ಲ. ಡಿ.ವಿ.ಜಿ.ಯವರ ಮಗ ಬಿ.ಜಿ.ಎಲ್. ಸ್ವಾಮಿಯವರು ಹಾರ್ವರ್ಡಿಗೆ ಹೋದದ್ದು ಸಸ್ಯಗಳ ಒಳರಚನೆ ಅಭ್ಯಾಸ ಮಾಡಲು. ‘ಅಮೆರಿಕದಲ್ಲಿ ನಾನು’ ಎಂಬ ಪುಸ್ತಕ ನಮಗೆ ಸಿಕ್ಕಿದ್ದು ಅದರ ಮೇಲಿನ ಕೊಸರು. ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಎ.ಕೆ. ರಾಮಾನುಜನ್ನರು 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಇಂಡಿಯಾನಾಕ್ಕೆ ಹೋದದ್ದು ಭಾಷಾಶಾಸ್ತ್ರಕ್ಕೆಂದು. ಅಲ್ಲಿಯೇ ಉಳಿದು, 1973ರಲ್ಲಿ ನಮ್ಮ ವಚನಗಳನ್ನು ಇಂಗ್ಲಿಷಿನಲ್ಲಿ ಅಮೆರಿಕದವರ ಕೈಗಿಟ್ಟರು. ಅವರು ಅಮೆರಿಕವನ್ನು ನಮಗೆ ತಂದುದಕ್ಕಿಂತ ನಮ್ಮನ್ನು ಅಮೆರಿಕಕ್ಕೆ ಒಯ್ದದ್ದೇ ಹೆಚ್ಚು. ಗೊರೂರರು ಹೋದದ್ದು ಮಕ್ಕಳನ್ನು ನೋಡಲು. ಅಮೆರಿಕದ ಸಾಹಿತ್ಯ, ಅಲ್ಲಿಯ ವಿಚಾರ ಇವನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೋಗಿ ಬಂದು ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಅದನ್ನು ಓದಿಸಿದವರೆಂದರೆ ಮೈಸೂರಿನ ಸಿ.ಡಿ. ನರಸಿಂಹಯ್ಯನವರು. 1949–50ರಲ್ಲಿ ಪ್ರಿನ್ಸ್‌ಟನ್ನಿನಲ್ಲಿದ್ದು ಬಂದವರು. 1950ರಲ್ಲಿ ನೆಹರೂ ಸರಕಾರ ಫುಲ್‌ಬ್ರೈಟ್ ಒಪ್ಪಂದಕ್ಕೆ ಸಹಿ ಹಾಕಿತು. 1964ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿ ಅಮೆರಿಕನ್ ಅಧ್ಯಯನಕ್ಕೆಂದೇ ಒಂದು ದೊಡ್ಡ ಕೇಂದ್ರ, ದೊಡ್ಡ ಗ್ರಂಥಾಲಯ ಎದ್ದಿತು. ಇದೆಲ್ಲ ನಮ್ಮಂಥ ಊರಿನವರಿಗೆ ದೂರದ ಡೋಲಿನ ಸದ್ದು.

ಇವರೆಲ್ಲರಿಗಿಂತ ಅರವತ್ತು ವರ್ಷ ಮೊದಲೇ ಅಮೆರಿಕವನ್ನೇ ಒಂದು ಪಾಠವಾಗಿ ಓದಿ, ಆ ದೇಶದ ಇತಿಹಾಸ, ರಾಜ್ಯಪದ್ಧತಿ, ಶಾಲೆ, ಮನೆ, ಹೆಂಗಸರ ಸ್ಥಿತಿ ಎಲ್ಲವನ್ನೂ ತನ್ನ ಮಾತಿನಲ್ಲಿ ತನ್ನ ಜನಕ್ಕೆ ಬರೆದುಕೊಟ್ಟವಳು ಒಬ್ಬ ಹೆಣ್ಣುಮಗಳು. ಆಕೆ ಹುಟ್ಟಿದ್ದು ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ, ತುಂಗೆ ಭದ್ರೆಯರು ಹುಟ್ಟುವ ಕಾಡಿನಲ್ಲಿ, 1858ರ ಏಪ್ರಿಲ್ 23ರಂದು. ಅವರೇ ಪಂಡಿತಾ ರಮಾಬಾಯಿ. ಮಹಾರಾಷ್ಟ್ರದವರು ತಮ್ಮವರೆನ್ನುತ್ತಾರೆ, ಅದು ಸರಿಯೇ. ಆದರೆ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರ ಮೂಲ ಊರು ಕಾರ್ಕಳದ ಹತ್ತಿರದ ಮಾಳ. ಹೆಂಡತಿಗೆ ಸಂಸ್ಕೃತ ಕಲಿಸಿದರೆಂದು ಊರವರು ಮುನಿದಾಗ ಅವರು ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು ಶಾಸ್ತ್ರದ ಆಧಾರಗಳನ್ನು ತೋರಿಸಿ ಗೆದ್ದರು. ಗೆದ್ದೂ ಊರೊಳಗೆ ಇರಲಾಗದೆ ಕಾಡಿನಲ್ಲಿ ಮನೆ ಕಟ್ಟಿದರು. ತಾಯಿ ಲಕ್ಷ್ಮೀಬಾಯಿ ಬೆಳಗಿನ ಜಾವ, ಮನೆಗೆಲಸ ಹತ್ತುವ ಮುನ್ನ, ನಿದ್ದೆಗಣ್ಣಿನ ಮಗಳನ್ನು ಎತ್ತಿ ಕೂರಿಸಿಕೊಂಡು ಶ್ಲೋಕ ಬಾಯಿಪಾಠ ಮಾಡಿಸಿದರು. ರಮಾಬಾಯಿಯವರಿಗೆ ಕನ್ನಡವೂ ಬರುತ್ತಿತ್ತು.

ಮುಂದಿನ ಕಥೆ ಕಷ್ಟದ್ದು. ಸಾಲ ಆಗಿ ಮನೆ ಬಿಟ್ಟು ಪುರಾಣ ಹೇಳುತ್ತ ತೀರ್ಥಕ್ಷೇತ್ರ ಸುತ್ತುವ ಬಾಳು, 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹೋದದ್ದು, ಅಣ್ಣನ ಜೊತೆ ಕಾಲ್ನಡಿಗೆಯಲ್ಲಿ ದೇಶ ತಿರುಗಿದ್ದು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಇಪ್ಪತ್ತು ವರ್ಷದ ಈ ಹುಡುಗಿಗೆ ‘ಪಂಡಿತಾ’ ಎಂದೂ ‘ಸರಸ್ವತಿ’ ಎಂದೂ ಬಿರುದು ಕೊಟ್ಟರು. ಎರಡು ವರ್ಷಕ್ಕೆ ಅಣ್ಣ ತೀರಿದ. ಬಂಗಾಳದ ವಕೀಲರನ್ನು, ಬೇರೆ ಜಾತಿಯವರನ್ನು ಮದುವೆಯಾದರು. 1882ರಲ್ಲಿ ಕಾಲರಾ ಬಂದು ಅವರೂ ಹೋದರು. ಇಪ್ಪತ್ನಾಲ್ಕನೆಯ ವಯಸ್ಸಿಗೆ ಕೈಯಲ್ಲೊಂದು ಕೂಸು, ವೈಧವ್ಯ. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಹೆಂಗಸರಿಗೆ ಹೆಣ್ಣು ಡಾಕ್ಟರರು ಬೇಕೆಂದು ಹಂಟರ್ ಆಯೋಗದ ಮುಂದೆ ಸಾಕ್ಷ್ಯ ಹೇಳಿದರು. ತಾವೇ ವೈದ್ಯಕೀಯ ಕಲಿಯಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರೆ, ಕಿವಿ ಸರಿಯಾಗಿ ಕೇಳದ್ದರಿಂದ ಅದು ಆಗಲಿಲ್ಲ. ಅಲ್ಲಿಯೇ ಕ್ರಿಸ್ತಮತಕ್ಕೆ ಸೇರಿದರು. ಆಮೇಲೆ ಪುಣೆ ಅವರನ್ನು ದೂರ ಮಾಡಿತು, ಮತ ಬಿಟ್ಟರೆಂದು. ನಾವು ದೂರ ಮಾಡಿದೆವು, ಮರಾಠಿಯಲ್ಲಿ ಬರೆದರೆಂದು. ಒಟ್ಟಿನಲ್ಲಿ ಅವರ ಪುಸ್ತಕ ಓದದಿರಲು ಎಲ್ಲರಿಗೂ ಒಂದೊಂದು ಕಾರಣ ಸಿಕ್ಕಿತು.

ಅಮೆರಿಕಕ್ಕೆ ಹೋದದ್ದು ಒಂದು ಕರೆಯ ಮೇಲೆ. ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಆನಂದಿಬಾಯಿ ಜೋಶಿಯವರು ಡಾಕ್ಟರ್ ಪದವಿ ಪಡೆಯುವ ದಿನ ಬಂದಿತ್ತು. ಅವರು ರಮಾಬಾಯಿಯವರಿಗೆ ದೂರದ ಸಂಬಂಧ. ಕಾಲೇಜಿನ ಮುಖ್ಯಸ್ಥೆ ರೇಚಲ್ ಬಾಡ್ಲಿಯವರು ಕಾಗದ ಬರೆದು ಕರೆಸಿದರು. 1886ರ ಮಾರ್ಚಿ 11ರಂದು, ಐದು ತುಂಬದ ಮಗಳು ಮನೋರಮೆಯನ್ನು ಕರೆದುಕೊಂಡು ಬಂದಿದ್ದ ರಮಾಬಾಯಿ ಆ ಸಮಾರಂಭದಲ್ಲಿ ಕೂತಿದ್ದರು. ಸೀರೆಯುಟ್ಟ ಇಬ್ಬರು ಹೆಣ್ಣುಮಕ್ಕಳು, ಒಬ್ಬಳು ವೇದಿಕೆಯ ಮೇಲೆ, ಒಬ್ಬಳು ಕೆಳಗೆ. ಆನಂದಿಬಾಯಿ ಊರಿಗೆ ಮರಳಿ ಮುಂದಿನ ಫೆಬ್ರವರಿಯಲ್ಲಿಯೇ ಕ್ಷಯದಿಂದ ತೀರಿಕೊಂಡರು, ಇಪ್ಪತ್ತೆರಡು ತುಂಬಿರಲಿಲ್ಲ. ನೋಡಿಹೋಗಲು ಬಂದ ರಮಾಬಾಯಿ ಮಾತ್ರ ಹತ್ತಿರ ಹತ್ತಿರ ಮೂರು ವರ್ಷ ಅಲ್ಲಿ ನಿಂತರು.

ಏನು ಮಾಡಿದರು ಎಂದರೆ, ಕಲಿತರು. ಚಿಕ್ಕಮಕ್ಕಳಿಗೆ ಆಟದ ಮೂಲಕ ಕಲಿಸುವ ಫ್ರೋಬೆಲನ ಪದ್ಧತಿಯನ್ನು ಫಿಲಡೆಲ್ಫಿಯಾದಲ್ಲಿ ವಿದ್ಯಾರ್ಥಿನಿಯಾಗಿ ಅಭ್ಯಾಸ ಮಾಡಿದರು. ಈಗ ನಮ್ಮ ಓಣಿಯಲ್ಲೆಲ್ಲ ಇರುವ ಬಾಲವಾಡಿಯ ಮೂಲ ಅದು. ಒಂದು ಸಮುದ್ರದ ದಂಡೆಯಿಂದ ಇನ್ನೊಂದರವರೆಗೆ ರೈಲಿನಲ್ಲಿ ತಿರುಗಿದರು, ಭಾಷಣ ಮಾಡಿದರು, ಶಾಲೆ, ಸೆರೆಮನೆ, ಆಸ್ಪತ್ರೆ, ಅನಾಥಾಶ್ರಮ ನೋಡಿದರು. 1887ರಲ್ಲಿ ಇಂಗ್ಲಿಷಿನಲ್ಲಿ ನಮ್ಮ ಮೇಲ್ಜಾತಿಯ ಹೆಂಗಸರ ಬವಣೆಯ ಬಗ್ಗೆ ಪುಸ್ತಕ ಬರೆದರು. ಅದು ಸಾವಿರಗಟ್ಟಲೆ ಮಾರಾಟವಾಯಿತು. ಆ ವರ್ಷದ ಕೊನೆಗೆ ಬಾಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಶನ್ ಎಂಬ ಸಂಘವಾಯಿತು. ಅದರ ಸದಸ್ಯರು ವರ್ಷಕ್ಕೊಂದು ಡಾಲರಿನಂತೆ ಹತ್ತು ವರ್ಷ ಕೊಡುತ್ತೇವೆಂದು ಮಾತು ಕೊಟ್ಟರು. ನಮ್ಮ ಹೆಂಗಸರ ಸಂಘಗಳಲ್ಲಿ ವಾರಕ್ಕಿಷ್ಟು ಎಂದು ಕೂಡಿಸುತ್ತೇವಲ್ಲ, ಹಾಗೆ.

ಅಮೆರಿಕದ ಪುಸ್ತಕ ಹೊರಬಂದದ್ದು ಅವರು ಮರಳಿದ ಮೇಲೆ, 1889ರಲ್ಲಿ. (ನಮ್ಮ ತಾಲೂಕಿನ ಶಿಶುವಿನಹಾಳದ ಶರೀಫರು ತೀರಿಕೊಂಡ ವರ್ಷವೂ ಅದೇ, ಎರಡು ಲೋಕ ಹೇಗೆ ಅಕ್ಕಪಕ್ಕ ನಡೆಯುತ್ತಿದ್ದವು ನೋಡಿ.) ‘ಯುನೈಟೆಡ್ ಸ್ಟೇಟ್ಸ್‌ಚೀ ಲೋಕಸ್ಥಿತಿ ಆಣಿ ಪ್ರವಾಸವೃತ್ತ’ ಎಂದು ಅದರ ಹೆಸರು. 2003ರಲ್ಲಿ ಮೀರಾ ಕೋಸಂಬಿಯವರು ಅದನ್ನು ಇಂಗ್ಲಿಷಿಗೆ ತಂದರು, ನಾನು ಓದಿದ್ದು ಅದನ್ನೇ. ಪ್ರವಾಸದ ಪುಸ್ತಕವೆಂದು ಕೈಗೆತ್ತಿಕೊಂಡರೆ ಒಳಗಿರುವುದು ಒಂದು ಪಠ್ಯಪುಸ್ತಕ. ಆ ಖಂಡ ಹೊರಗಿನವರ ಕಣ್ಣಿಗೆ ಬಿದ್ದದ್ದು, ಇಂಗ್ಲೆಂಡಿನಿಂದ ಬಿಡಿಸಿಕೊಂಡದ್ದು, ಆಡಳಿತ ನಡೆಯುವ ರೀತಿ, ಮನೆಯ ವ್ಯವಸ್ಥೆ, ಶಿಕ್ಷಣ, ಧರ್ಮ ಮತ್ತು ದಾನ, ವ್ಯಾಪಾರ, ಕೊನೆಗೆ ಹೆಂಗಸರು. ನಾನು ಬಿ.ಎ.ಯಲ್ಲಿ ಓದಿದ ಯಾವ ಇತಿಹಾಸದ ಪುಸ್ತಕದಲ್ಲಿಯೂ ಹೆಂಗಸರಿಗೆ ಅಷ್ಟು ಪುಟ ಇರಲಿಲ್ಲ ಎಂದು ಇಲ್ಲಿ ಹೇಳಿಬಿಡುತ್ತೇನೆ.

ನನಗೆ ಹಿಡಿಸಿದ್ದು ಅವರ ಕಣ್ಣು. ಆ ದೇಶವನ್ನು ಹೊಗಳುತ್ತಾರೆ, ಧಾರಾಳವಾಗಿ ಹೊಗಳುತ್ತಾರೆ. ರಾಜನಿಲ್ಲದೆ ಜನರೇ ಆಳಿಕೊಳ್ಳುವುದು ಹೇಗೆ ಸಾಧ್ಯವೆಂದು ತೋರಿಸುವಾಗ, ವಿಕ್ಟೋರಿಯಾ ರಾಣಿಯ ಪ್ರಜೆಗಳಾದ ತನ್ನ ಓದುಗರಿಗೆ ಏನು ಹೇಳುತ್ತಿದ್ದಾರೆಂಬುದು ಗೊತ್ತಾಗದಿರುವುದಿಲ್ಲ. ಕಾಂಗ್ರೆಸ್ಸು ಹುಟ್ಟಿ ಆಗ ನಾಲ್ಕು ವರ್ಷ. ಆದರೆ ಹೊಗಳುತ್ತ ಕಣ್ಣು ಮುಚ್ಚುವುದಿಲ್ಲ. ಅಲ್ಲಿಯ ಮೂಲ ನಿವಾಸಿಗಳಿಂದ ನೆಲ ಕಿತ್ತುಕೊಂಡದ್ದನ್ನು ಬರೆಯುತ್ತಾರೆ. ಗುಲಾಮಗಿರಿ ಹೋದ ಮೇಲೂ ಕರಿಯರನ್ನು ದೂರವಿಡುವುದನ್ನು ಬರೆಯುತ್ತಾರೆ. ಹೆಂಗಸರು ಶಾಲೆ ನಡೆಸುತ್ತಾರೆ, ಪತ್ರಿಕೆ ನಡೆಸುತ್ತಾರೆ, ವೈದ್ಯರಾಗಿದ್ದಾರೆ. ಆದರೂ ದೇಶದ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ. ಆ ಹಕ್ಕು ಇಡೀ ದೇಶದ ಹೆಂಗಸರಿಗೆ ಸಿಕ್ಕಿದ್ದು 1920ರಲ್ಲಿ. ಕರಿಯ ಹೆಂಗಸರಲ್ಲಿ ಬಹಳ ಜನಕ್ಕೆ ಅದು ಕೈಗೆ ಬರಲು 1965 ಬರಬೇಕಾಯಿತು.

ಮರಳಿ ಬಂದವರು ತಿಂಗಳೊಪ್ಪತ್ತಿನಲ್ಲಿ, 1889ರ ಮಾರ್ಚಿ 11ರಂದು, ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಆನಂದಿಬಾಯಿಯ ಪದವಿ ಸಮಾರಂಭಕ್ಕೆ ಅಂದಿಗೆ ಸರಿಯಾಗಿ ಮೂರು ವರ್ಷ. ಅಲ್ಲಿಯ ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿ ಮುಂದೆ 1893ರಲ್ಲಿ ಧೋಂಡೋ ಕೇಶವ ಕರ್ವೆಯವರ ಕೈಹಿಡಿದರು. ಹೆಣ್ಣುಮಕ್ಕಳ ವಿಶ್ವವಿದ್ಯಾಲಯ ಕಟ್ಟಿದ ಕರ್ವೆ ಅವರೇ. 1910ರ ದಶಕದಲ್ಲಿ ರಮಾಬಾಯಿಯವರು ನಮ್ಮ ಗುಲಬರ್ಗಾದಲ್ಲಿಯೂ ಒಂದು ಶಾಲೆ ತೆರೆದರು, ಅದನ್ನು ಮಗಳು ಮನೋರಮೆ ನೋಡಿಕೊಂಡರು.

ಈಗ ರಮಾಬಾಯಿಯವರನ್ನು ಅಲ್ಲಿಗೆ ಬಿಟ್ಟು ನಮ್ಮ ಎರಿ ಹೊಲಕ್ಕೆ ಬರಬೇಕು. ಅಮೆರಿಕದ ಇತಿಹಾಸ ನಮಗೇಕೆ ಎಂದು ಕೇಳುವವರಿಗೆ ನಾನು ತೋರಿಸುವುದು ಹತ್ತಿಯನ್ನು.

ಬ್ರಿಟಿಷರ ಕಾಲದಲ್ಲಿ ನಮ್ಮದು ಬಂಕಾಪುರ ತಾಲೂಕು, ಕಚೇರಿ ಮಾತ್ರ ಶಿಗ್ಗಾಂವಿಯಲ್ಲಿ. ಇಲ್ಲಿ ಬೆಳೆಯುತ್ತಿದ್ದದ್ದು ಜವಾರಿ ಹತ್ತಿ. ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋಗಿ ಹಡಗು ಹತ್ತುತ್ತಿದ್ದುದರಿಂದ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. ಅದರ ಎಳೆ ಮೋಟು, ಮ್ಯಾಂಚೆಸ್ಟರಿನ ಮಗ್ಗಗಳಿಗೆ ಒಗ್ಗದು. ಆದ್ದರಿಂದ 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣದ ಹತ್ತಿ ಸೀಮೆಯಿಂದ ಹತ್ತು ಜನ ಬೆಳೆಗಾರರನ್ನು ಪಗಾರ ಕೊಟ್ಟು ಕರೆಸಿತು, ನ್ಯೂ ಆರ್ಲಿಯನ್ಸಿನ ಬೀಜವನ್ನೂ ತರಿಸಿತು. ದೇಶದ ಬೇರೆ ಕಡೆಗಳಲ್ಲಿ ಹೆಚ್ಚಿನ ಪ್ರಯೋಗಗಳು ಬಿದ್ದುಹೋದವು. ನಿಂತದ್ದು ಧಾರವಾಡ ಜಿಲ್ಲೆಯಲ್ಲಿ. ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಮಾದರಿ ಹೊಲ ಮಾಡಿದರು. ಶಾ ಎಂಬ ಕಲೆಕ್ಟರ ಸಾಹೇಬ ರೈತರಿಗೆ ಬೀಜ ಹಂಚಿದ. ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನ ಹತ್ತಿ ಲಿವರ್‌ಪೂಲಿನ ಪೇಟೆಯಲ್ಲಿ ಕೂತಿತು.

ಆದರೆ ಒಂದು ತೊಡಕು. ಜವಾರಿ ಹತ್ತಿಯ ಕಾಳು ತೆಗೆಯುತ್ತಿದ್ದವರು ನಮ್ಮ ಹೆಂಗಸರು. ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಸಲಾಕೆಯನ್ನು ಅಂಗಾಲಿನಿಂದ ಉರುಳಿಸಿದರೆ ಕಾಳು ಬೇರೆಯಾಗುತ್ತಿತ್ತು. ಅಮೆರಿಕದ ಹತ್ತಿಯ ಎಳೆ ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಈ ಕಾಲುಸಲಾಕೆಗೆ ಅದು ಬಗ್ಗಲಿಲ್ಲ. ಅದಕ್ಕೆ ಗರಗಸದ ಹಲ್ಲಿನ ಜಿನ್ನು ಬೇಕಾಯಿತು, ಅದನ್ನು ಮಾಡಿ ರಿಪೇರಿ ಮಾಡುವ ಕಾರಖಾನೆಯನ್ನು ಸರಕಾರ ಧಾರವಾಡದಲ್ಲಿ ತೆರೆಯಿತು. ಈ ಜಿನ್ನನ್ನು ಅಮೆರಿಕದಲ್ಲಿ ಎಲಿ ವಿಟ್ನಿ ಎಂಬವನು ಕಂಡುಹಿಡಿದದ್ದು 1793ರಲ್ಲಿ. ಅದು ಬಂದ ಮೇಲೆ ಕಾಳು ತೆಗೆಯುವುದು ಸುಲಭವಾಯಿತು, ಹತ್ತಿ ಬೆಳೆಯುವುದು ಲಾಭವಾಯಿತು. ಬಿತ್ತಲು ಬಿಡಿಸಲು ಆಳು ಬೇಕಾಗಿ ಗುಲಾಮಗಿರಿ ಹತ್ತಿಯ ಗಿಡದಂತೆ ಹಬ್ಬಿತು. 1790ರಲ್ಲಿ ಏಳು ಲಕ್ಷದಷ್ಟಿದ್ದ ಗುಲಾಮರು 1860ಕ್ಕೆ ನಾಲ್ವತ್ತು ಲಕ್ಷದ ಹತ್ತಿರ ಬಂದರು. ಒಂದು ಯಂತ್ರ ಕೆಲಸ ಕಡಿಮೆ ಮಾಡುತ್ತದೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಯಾರ ಕೆಲಸವೆಂದು ಹೇಳಿಕೊಡುವುದಿಲ್ಲ.

1861ರಲ್ಲಿ ಆ ಗುಲಾಮಗಿರಿಯ ಮೇಲೆಯೇ ಅಲ್ಲಿ ಅಣ್ಣತಮ್ಮಂದಿರ ಯುದ್ಧ ಹತ್ತಿತು. ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳನ್ನು ಕಟ್ಟಿಹಾಕಿತು. ಇಂಗ್ಲೆಂಡಿಗೆ ಬರುತ್ತಿದ್ದ ಹತ್ತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಅಲ್ಲಿಯದೇ. ಗಿರಣಿಗಳು ನಿಂತವು, ಲಂಕಾಶಾಯರಿನ ಕೂಲಿಕಾರರು ಉಪವಾಸ ಬಿದ್ದರು, ಮುಂಬಯಿಯಲ್ಲಿ ಹತ್ತಿಯ ಧಾರಣೆ ಮೂರು ಪಟ್ಟು ದಾಟಿತು. ಆ ಬಿಸಿ ನಮ್ಮ ಹೊಲದವರೆಗೆ ಬಂದಿತು. ಕಾರವಾರದ ಬಂದರನ್ನು ಹತ್ತಿಗಾಗಿ ಬೆಳೆಸಬೇಕೆಂದು ಉತ್ತರ ಕನ್ನಡವನ್ನೇ 1862ರಲ್ಲಿ ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಹತ್ತಿಯಲ್ಲಿ ಕಾಳು, ಕಸ, ಮಣ್ಣು ಬೆರೆಸಿ ತೂಕ ಏರಿಸುವ ದಂಧೆ ಎಷ್ಟು ಬೆಳೆಯಿತೆಂದರೆ 1863ರಲ್ಲಿ ಮುಂಬಯಿ ಸರಕಾರ ಹತ್ತಿಯ ಮೋಸಕ್ಕೆಂದೇ ಒಂದು ಕಾಯಿದೆ ಮಾಡಿತು. 1865ರ ಏಪ್ರಿಲ್‌ನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದ. ಧಾರಣೆ ಮುಗ್ಗರಿಸಿತು, ಮುಂಬಯಿಯ ದೊಡ್ಡ ದೊಡ್ಡ ಕುಳಗಳು ದಿವಾಳಿ ಎದ್ದವು. ಏರಿದ ಬೆಲೆ ನಂಬಿ ಸಾಲ ಮಾಡಿದ ರೈತನ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ.

ಇನ್ನೂ ಮುಂದೆ ಬನ್ನಿ. ಧಾರವಾಡದ ಕೃಷಿ ಸಂಶೋಧಕ ಬಿ.ಎಚ್. ಕಟರಕಿಯವರು 1972ರಲ್ಲಿ ಕೊಟ್ಟ ವರಲಕ್ಷ್ಮಿ ಹತ್ತಿಯಿಂದ ನಮ್ಮ ಕಡೆ ಎಷ್ಟೋ ಮನೆಗಳಿಗೆ ಮಾಳಿಗೆ ಬಂದಿತು. 2002ರಲ್ಲಿ ಅಮೆರಿಕದ ಕಂಪನಿಯ ತಂತ್ರದ ಬಿ.ಟಿ. ಬೀಜ ಬಂದಿತು. ಈಗ ನಮ್ಮ ತಾಲೂಕಿನಲ್ಲಿ ಗೋವಿನಜೋಳ ಹೆಚ್ಚಾಗಿ ಹತ್ತಿ ಹಿಂದೆ ಸರಿದಿದೆ. ಇರುವ ಹತ್ತಿಯಲ್ಲಿ ಬಹುಪಾಲು ಅಮೆರಿಕದ ಜಾತಿಯದೇ. ನಮ್ಮ ಹೊಲದ ಉತಾರದಲ್ಲಿ ಹೆಸರು ನಮ್ಮದಿದ್ದರೂ ಬೆಳೆಯ ಕಾಲಮ್ಮಿನಲ್ಲಿ ಅವರ ಇತಿಹಾಸ ಕೂತಿದೆ.

ಇದನ್ನು ನಾನೇ ಕೂತು ಹುಡುಕಿದೆನೆಂದು ತಿಳಿಯಬೇಡಿ. ಅರ್ಧಕ್ಕಿಂತ ಹೆಚ್ಚು ನನಗೆ ಹೇಳಿದವಳು ನನ್ನದೇ ಒಬ್ಬ ಹಳೆಯ ವಿದ್ಯಾರ್ಥಿನಿ. ತಾಲೂಕಿನ ಒಂದು ಸಣ್ಣ ಹಳ್ಳಿಯ ಹುಡುಗಿ, ನಾಲ್ಕು ಎಕರೆಯ ಮನೆತನ, ಎಂಟನೆಯ ಇಯತ್ತೆಯಿಂದ ನನ್ನ ಕೈಯಲ್ಲಿ ಕಲಿತವಳು. ಶಿಗ್ಗಾಂವಿಯಲ್ಲಿ ಬಿ.ಎ., ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಧಾರವಾಡ ಹತ್ತಿಯ ಮೇಲೆಯೇ ಸಂಶೋಧನೆಗೆ ಕೂತಳು. ಓದುತ್ತ ಹೋದಂತೆ ಅವಳಿಗೆ ಅನ್ನಿಸಿದ್ದು, ಈ ಕಥೆಯ ಒಂದು ತುದಿ ಇಲ್ಲಿದೆ, ಇನ್ನೊಂದು ತುದಿ ಅಲ್ಲಿದೆ. ಬಂದ ಆ ಬೆಳೆಗಾರರು ಎಂಥ ಊರಿನವರು, ಅವರ ಊರಿನಲ್ಲಿ ಹತ್ತಿ ಬಿಡಿಸಿದವರು ಯಾರು ಎಂಬುದು ಗೊತ್ತಾಗದೆ ತನ್ನ ಕೆಲಸ ಅರ್ಧವೇ ಎಂದು. ಅರ್ಜಿ ಹಾಕಿದಳು. ಒಂದು ವರ್ಷ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಅಮೆರಿಕದ ಇತಿಹಾಸ ಓದಲು, ಕಾಗದಪತ್ರ ನೋಡಲು ವಿದ್ಯಾರ್ಥಿವೇತನ ಸಿಕ್ಕಿತು. ಹೋಗಿಬರುವ ಖರ್ಚು ಅವರದೇ.

ಒಂದು ರವಿವಾರ ಅವಳ ತಾಯಿ ನಮ್ಮ ಮನೆಗೆ ಬಂದಳು. ಕೈಯಲ್ಲಿ ಒಂದು ಚೀಲ ಹಸಿ ಕಡಲೆ. ಚಹ ಕುಡಿದು, ಲೋಟ ಕೆಳಗಿಟ್ಟು ಮಾತು ತೆಗೆದಳು.

“ಅಕ್ಕಾರ, ಅಮೆರಿಕಾಕ್ಕ ಹೋಗಬ್ಯಾಡ ಅಂತ ನಾ ಅನ್ನಂಗಿಲ್ರಿ. ಮಂದಿ ಮಕ್ಕಳು ಹೋಗ್ಯಾರ, ರೊಕ್ಕಾ ಕಳಸ್ತಾರ, ಮನಿ ಕಟ್ಟಿಸ್ಯಾರ. ಈಕಿ ಅಲ್ಲಿಗೆ ಹೋಗಿ ಅವರ ಹಳೇ ಕತಿ ಓದ್ತೀನಿ ಅಂತಾಳ. ಅವರ ಕತಿ ಕಟಗೊಂಡು ನಮಗೇನಾಗಬೇಕ್ರಿ? ಈಗ ಇಪ್ಪತ್ತಾರು ತುಂಬ್ಯಾವ. ಒಂದು ವರ್ಸ ಹೋತಂದ್ರ ಬಂದ ವರಾ ನಿಂದರತಾವೇನ್ರಿ?”

ಅವಳ ಗಂಡ ಮಾತಾಡುವ ಪೈಕಿ ಅಲ್ಲ. ಆದರೆ ಮನೆಯಲ್ಲಿ ಬೀಗರ ಕಡೆಯಿಂದ ಒಂದು ಮಾತು ಬಂದಿತ್ತು, ಒಳ್ಳೆಯ ಮನೆತನ, ಹುಡುಗ ಹಾವೇರಿಯಲ್ಲಿ ನೌಕರಿಯವ. ಅವರು ಒಂದು ವರ್ಷ ಕಾಯಲು ತಯಾರಿರಲಿಲ್ಲ. ಅದನ್ನು ಅವಳು ಅಳುತ್ತ ಹೇಳಲಿಲ್ಲ, ಲೆಕ್ಕ ಹೇಳಿದಂತೆ ಹೇಳಿದಳು.

ನಾನು ಮೇಷ್ಟ್ರಿಕೆಯ 'ಬುದ್ಧಿ' ಹೇಳಲಿಲ್ಲ. ರಮಾಬಾಯಿಯವರ ಕಥೆ ಹೇಳಿದೆ, ನಿಮಗೆ ಮೇಲೆ ಹೇಳಿದಂತೆಯೇ, ಇನ್ನೂ ಸ್ವಲ್ಪ ಉಪ್ಪುಕಾರ ಹಚ್ಚಿ. ಅವಳು ಸೆರಗು ಬಾಯಿಗೆ ಹಿಡಿದು ಪೂರ್ತಿ ಕೇಳಿದಳು. ಬರದಲ್ಲಿ ತಾಯಿತಂದೆ ಸತ್ತ ಕಡೆಗೆ ಲೊಚಗುಟ್ಟಿದಳು. ಮುಗಿದ ಮೇಲೆ ಹೇಳಿದಳು:

“ಪಾಪ, ಆಕೀಗೆ ಹಿಂದಿಲ್ಲ ಮುಂದಿಲ್ಲ. ತಡಿಯೋರು ಯಾರಿದ್ರು, ಹ್ವಾದ್ಲು. ನಮ್ಮಾಕಿಗೆ ಎಲ್ಲಾರೂ ಅದೀವಲ್ರಿ ಅಕ್ಕಾರ.”

ಇಷ್ಟು ವರ್ಷ ರಮಾಬಾಯಿಯವರ ಬಗ್ಗೆ ಓದಿದ ನನಗೆ ಈ ಮಾತು ಹೊಳೆದಿರಲಿಲ್ಲ. ಆ ಹೆಣ್ಣುಮಗಳು ಹೇಳಿದ್ದು ಹೌದು. ನಮ್ಮ ಚರಿತ್ರೆಯಲ್ಲಿ ಹಡಗು ಹತ್ತಿದ ಎಷ್ಟೋ ಹೆಂಗಸರು ತಡೆಯುವವರು ಇಲ್ಲವಾದ ಮೇಲೆ ಹತ್ತಿದವರು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ತೆಗೆದುಕೊಳ್ಳಿ. 1903ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ವಿಧವೆಯಾಗಿ, ಮತ್ತೆ ಮದುವೆಯಾಗಿ, ಆ ಸಂಸಾರವೂ ಮುರಿದ ಮೇಲೆ ಅವರು ಅಮೆರಿಕ ಮುಟ್ಟಿದ್ದು. ಎರಡನೆಯ ಮಹಾಯುದ್ಧ ಆರಂಭವಾದಾಗ ಯುರೋಪಿನಲ್ಲಿದ್ದ ಅವರು 1939ರಲ್ಲಿ ಅಲ್ಲಿಗೆ ಹೋಗಿ 1941ರವರೆಗೆ ದೇಶ ಸುತ್ತಿದರು. ಮೂಲನಿವಾಸಿಗಳ ಹಾಡಿಗಳಿಗೆ ಹೋದರು, ಕರಿಯರ ನಡುವೆ ಕೂತರು. ದಕ್ಷಿಣದಲ್ಲಿ ಒಮ್ಮೆ ಅವರು ಬಿಳಿಯರ ರೈಲುಡಬ್ಬಿಯಲ್ಲಿ ಕೂತಿದ್ದಾಗ ಟಿಕೆಟಿನವನು ಎದ್ದು ಹೋಗೆಂದ. ಏಳಲಿಲ್ಲ. ಇವರು ಅಲ್ಲಿಯ ಕರಿಯರಲ್ಲವೆಂದು ಅನುಮಾನ ಬಂದು ಮತ್ತೆ ಬಂದು ಯಾವ ದೇಶದವರೆಂದು ಕೇಳಿದ. ಇಂಡಿಯಾದವಳೆಂದು ಒಂದು ಮಾತು ಹೇಳಿದ್ದರೆ ಅವನೇ ಕೈಮುಗಿದು ಬಿಡುತ್ತಿದ್ದ, ಅವನಿಗೆ ಬೇಕಾದದ್ದೂ ಅದೇ. ಅದನ್ನು ಅವರು ಹೇಳಲೊಲ್ಲರು. ತಾನೂ ಬಣ್ಣದ ಹೆಂಗಸೇ, ಏಳುವುದಿಲ್ಲವೆಂದು ಕೂತೇಬಿಟ್ಟರು. ಅವನು ಗೊಣಗುತ್ತ ಹೋದ. ಮಾಂಟ್‌ಗೊಮರಿಯ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಏಳದೆ ಕೂತದ್ದು 1955ರಲ್ಲಿ. ನಮ್ಮ ಮಂಗಳೂರಿನ ಹೆಣ್ಣುಮಗಳು ಅದಕ್ಕೆ ಹದಿನಾಲ್ಕು ವರ್ಷ ಮುಂದೆ. ಅವರ ಅಮೆರಿಕದ ಪುಸ್ತಕ 1946ರಲ್ಲಿ ಬಂದಿತು.

ಆದರೆ ಎಲ್ಲರೂ ಇದ್ದೂ ಹೋದವರು ಇಲ್ಲವೇ? ಯೋಚಿಸಿದಾಗ ನೆನಪಾದವರು ರಾಜೇಶ್ವರಿ ಚಟರ್ಜಿ. ಹಳೇ ಮೈಸೂರಿನವರು, 1922ರಲ್ಲಿ ಹುಟ್ಟಿದವರು. ಅಜ್ಜಿ ಕಮಲಮ್ಮ ದಾಸಪ್ಪ ಆ ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲೊಬ್ಬರು. ಮನೆ ತುಂಬ ಜನವಿದ್ದೂ ಆ ಜನವೇ ಬೆನ್ನಿಗಿದ್ದರು. 1947ರ ಸುಮಾರಿಗೆ ಸರಕಾರದ ವಿದ್ಯಾರ್ಥಿವೇತನದ ಮೇಲೆ ಮದುವೆಯಾಗದ ಹುಡುಗಿ ಒಬ್ಬಳೇ ಮಿಶಿಗನ್ನಿಗೆ ಹೋಗಿ, ಎಂಜಿನಿಯರಿಂಗಿನಲ್ಲಿ ಪಿಎಚ್.ಡಿ. ಮುಗಿಸಿ, 1953ರಲ್ಲಿ ಬೆಂಗಳೂರಿಗೆ ಬಂದು ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿದರು. ಮದುವೆಯೂ ಬಂದ ಮೇಲೆಯೇ ಆಯಿತು. ಇದನ್ನು ಹೇಳಿದಾಗ ತಾಯಿ ಕೇಳಿದ್ದು ಒಂದೇ ಪ್ರಶ್ನೆ: “ಅವರಜ್ಜಿ ಸಾಲಿ ಕಲತಿದ್ಲು ಅಂದ್ರಿ?” ಹೌದೆಂದೆ. ಸುಮ್ಮನಾದಳು. ತಾನು ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಕೊನೆಗೆ ಅವಳ ಮನಸ್ಸು ತಿರುಗಿದ್ದು ಈ ದೊಡ್ಡವರ ಕಥೆಗಳಿಂದಲ್ಲ. ಮುಂದಿನ ವಾರ ಹುಡುಗಿಯೇ ಕಾಗದಗಳನ್ನು ತಂದು ನನ್ನ ಎದುರಿಗೆ ತಾಯಿಗೆ ಓದಿ ಹೇಳಿದಳು. ಇಂಥ ವಿದ್ಯಾರ್ಥಿವೇತನದ ವೀಸಾಕ್ಕೆ ಒಂದು ಕರಾರಿದೆ: ಓದು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿ ಇದ್ದ ಹೊರತು ಅಲ್ಲಿ ನೆಲೆಸುವ ಪರವಾನಿಗೆ ಕೇಳುವಂತಿಲ್ಲ. ಹೋದವರೆಲ್ಲ ಈ ಕರಾರಿಗೆ ಶಾಪ ಹಾಕುತ್ತಾರಂತೆ. ಈ ತಾಯಿ ಮಾತ್ರ ಅದನ್ನು ಎರಡು ಸಲ ಓದಿಸಿ ಕೇಳಿದಳು. “ಹಂಗಂದ್ರ ಆಕೀ ಉಳೀತೀನಂದ್ರೂ ಇಟಗೊಳ್ಳಂಗಿಲ್ಲ ಅವರು?” ಇಲ್ಲ ಎಂದಳು ಮಗಳು. “ಮತ್ತ ಇದನ್ನ ಮೊದಲ ಹೇಳಬೇಕಿಲ್ಲೇನ!” ಎಂದು ಬೈದು ಎದ್ದಳು.

ಹಾವೇರಿಯ ಮಾತು ಮುರಿಯಿತು. ಹುಡುಗನಿಗೆ ಶ್ರಾವಣ ಕಳೆದು ಬೇರೆ ಕಡೆ ಮದುವೆಯಾಯಿತು. ಇದರಿಂದ ಮನೆಯಲ್ಲಿ ಯಾರಿಗೂ ಬೇಸರವಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ತಂದೆ ಮಗಳನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಬಂದವರು ಒಂದು ಮಾತೂ ಆಡದೆ, ಬಸ್ಸು ಹೊರಟಾಗ ಕಿಟಕಿಯಲ್ಲಿ ಒಂದು ಗಂಟು ಇಟ್ಟರು. ಶೇಂಗಾ ಚಟ್ನಿಪುಡಿ ಮತ್ತು ಹತ್ತು ಕಡಕ್ ರೊಟ್ಟಿ.

ಅವಳು ಅಲ್ಲಿ ಓದುತ್ತಿರುವುದರ ಬಗ್ಗೆ ನನಗೆ ಆಗಾಗ ಬರೆಯುತ್ತಾಳೆ. ತರಗತಿಯಲ್ಲಿ ಗುಲಾಮಗಿರಿಯ ಪಾಠ ಬಂದಾಗ ಬಿಳಿಯ ಮಕ್ಕಳೂ ಕರಿಯ ಮಕ್ಕಳೂ ಒಂದೇ ಪುಸ್ತಕವನ್ನು ಬೇರೆ ಬೇರೆ ಮುಖ ಮಾಡಿಕೊಂಡು ಓದುತ್ತಾರಂತೆ. ಅವಳನ್ನು ಒಮ್ಮೆ ನಿಮ್ಮಲ್ಲಿ ಜಾತಿ ಹೇಗೆ ಎಂದು ಕೇಳಿದರಂತೆ. ಉತ್ತರ ಹೇಳಲು ಹೊರಟವಳಿಗೆ ತನ್ನ ಊರಿನಲ್ಲಿ ಯಾರ ಕೇರಿ ಯಾವ ದಿಕ್ಕಿಗಿದೆ ಎಂಬುದರಿಂದಲೇ ಸುರು ಮಾಡಬೇಕಾಯಿತಂತೆ. ಒಂದು ಹತ್ತಿ ತೋಟದ ಹಳೆಯ ದಫ್ತರದಲ್ಲಿ ಗುಲಾಮರ ಹೆಸರಿನ ಮುಂದೆ ಅವರು ದಿನಕ್ಕೆ ಬಿಡಿಸಿದ ಹತ್ತಿಯ ತೂಕ ಬರೆದಿಟ್ಟದ್ದನ್ನು ನೋಡಿದಳಂತೆ. ಅದರಲ್ಲಿ ಹೆಂಗಸರ ಹೆಸರು ಬಹಳ ಎಂದು ಬರೆದಿದ್ದಳು.

ಅಕ್ಟೋಬರಿನಲ್ಲಿ ಜಾರ್ಜಿಯಾದ ಒಂದು ಹತ್ತಿ ಹೊಲದ ಫೋಟೋ ಕಳಿಸಿದಳು. ಅದನ್ನು ಮೊಬೈಲಿನಲ್ಲಿ ತಾಯಿಗೆ ತೋರಿಸಿದೆ. ಕಣ್ಣು ಹರಿಯುವವರೆಗೆ ಒಡೆದ ಬಿಳಿ ಕಾಯಿ, ನಡುವೆ ಮನೆಯಷ್ಟು ದೊಡ್ಡ ಒಂದು ಯಂತ್ರ. ಅವಳು ಫೋಟೋವನ್ನು ಬಹಳ ಹೊತ್ತು ನೋಡಿದಳು. ಗಿಡ ಗಿಡ್ಡ ಅದಾವ ಎಂದಳು, ಕಾಯಿ ಚೊಲೋ ಒಡದಾವ ಎಂದಳು. ಆಮೇಲೆ ಕೇಳಿದಳು, “ಇಷ್ಟು ಹತ್ತಿ ಬಿಡಸಾಕ ಹೆಣ್ಣಾಳು ಎಲ್ಲೆ ಅದಾರ್ರಿ ಅಕ್ಕಾರ?”

ಈಗ ಎಲ್ಲ ಯಂತ್ರವೇ ಬಿಡಿಸುತ್ತದೆ ಎಂದೆ. ಮೊದಲು ಯಾರು ಬಿಡಿಸುತ್ತಿದ್ದರೆಂದು ಕೇಳಿದಳು. ಹೇಳಲು ಕೂತೆ. ಕತ್ತಲಾಗುವವರೆಗೆ ಎದ್ದುಹೋಗಲಿಲ್ಲ.